ಬಟ್ಟೆ ಕತ್ತರಿ

ಟೈಲರಮ್ಮನ ಮೇಲೆ ಹೊದಿಸಿದ್ದ ಬಿಳಿ ಬಟ್ಟೆಯ ಅಂಚಿನಲ್ಲಿ ನೂಲು ಬಿಟ್ಟಿತ್ತು. ಸೊಸೆ ಅದನ್ನು ಒಳಕ್ಕೆ ಮಡಿಸುತ್ತಿದ್ದಾಗ ನಾದಿನಿಯ ಸಿಟ್ಟು ಕಟ್ಟೆಯೊಡೆಯಿತು.

“ಉಸಿರಿನ ಮಿಷನ್ ಹಾಕಿಸಿದ್ರೆ ಅಮ್ಮ ಇನ್ನೂ ನಾಲ್ಕು ದಿನ ಇರ್ತಿದ್ಲು. ಬೇಡ ಅನ್ನೋಕೆ ನೀವ್ಯಾರು ಅತ್ತಿಗೆ?”

ಕುರ್ಚಿಗಳಲ್ಲಿದ್ದ ನೆಂಟರು ಕತ್ತು ಚಾಚಿ ನೋಡಿದರು. ಸೊಸೆಯ ಗಂಡ ನೆಲ ನೋಡುತ್ತ ನಿಂತ. ಬೆಣ್ಣೆಯಂಥ ಮನುಷ್ಯ, ಯಾರು ದನಿ ಏರಿಸಿದರೂ ಕರಗಿಬಿಡುತ್ತಾನೆ. ಅತ್ತೆ ಸೊಸೆ ಇಪ್ಪತ್ತು ವರ್ಷ ಹಾವು ಮುಂಗುಸಿಯಂತೆ ಇದ್ದದ್ದು ಬೀದಿಗೆಲ್ಲ ಗೊತ್ತು. ಹಗೆ ತೀರಿಸಿಕೊಂಡಳು ಎಂದೇ ಎಲ್ಲರೂ ಅಂದುಕೊಳ್ಳುತ್ತಿದ್ದಾರೆಂದು ಸೊಸೆಗೆ ಅನಿಸಿತು.

*

ಹೋದ ವರ್ಷ, ಹೃದಯ ಸೋತಿದೆ ಎಂದು ಡಾಕ್ಟರು ಹೇಳಿದ ವಾರ, ಅತ್ತೆ ಸೊಸೆಯನ್ನು ಹೊಲಿಗೆ ಮಿಷನ್ನಿನ ಪಕ್ಕ ಕೂರಿಸಿಕೊಂಡು ಎರಡು ಕಾಗದ ಬರೆದರು. ಒಂದು ಆಸ್ಪತ್ರೆಗೆ, ಇನ್ನೊಂದು ಮಗಳಿಗೆ.

“ಜೀವಮಾನವೆಲ್ಲ ನಾನು ಮಿಷನ್ ತುಳಿದೆ. ಕೊನೆಗೆ ಮಿಷನ್ ನನ್ನ ತುಳಿಯೋದು ಬೇಡ. ಮನೇಲೇ ಸಾಯ್ತೀನಿ. ಡಾಕ್ಟ್ರ ಹತ್ರ ಮಾತಾಡೋಳು ನೀನೇ.”

“ನಾನ್ಯಾಕೆ? ನನ್ನ ಕಂಡ್ರೆ ನಿಮಗೆ ಆಗಲ್ಲ.”

“ಆಗಲ್ಲ, ನಿಜ. ಆದ್ರೆ ಮಗ ಅಳ್ತಾನೆ, ಮಗಳು ಡಾಕ್ಟ್ರ ಕಾಲು ಹಿಡೀತಾಳೆ. ಕತ್ತರಿ ಹಾಕುವಾಗ ಕೈ ನಡುಗಿದ್ರೆ ಬಟ್ಟೆ ಹಾಳು. ನನ್ನ ಜೊತೆ ಇಪ್ಪತ್ತು ವರ್ಷ ಜಗಳ ಆಡಿ ಸೋಲದೋಳು ನೀನು. ನಿನಗೆ ಡಾಕ್ಟ್ರು ಯಾವ ಲೆಕ್ಕ?”

ಎಂಥ ಹೆಂಗಸು! ಬೀದಿಯ ಅರ್ಧ ಜನರ ಅಳತೆ ಅವರಿಗೆ ಬಾಯಿಪಾಠವಾಗಿತ್ತು. ಮನೆಯವರ ಅಳತೆ ತಪ್ಪೀತೇ? ಸೊಸೆ ಮುಖ ತಗ್ಗಿಸಿ, ಕತ್ತರಿ ಎತ್ತಿಕೊಂಡು ಕಾಗದದ ಅಂಚು ನೇರಮಾಡಹೋದಳು. ಅತ್ತೆ ಕೈಗೆ ಪಟ್ಟನೆ ಹೊಡೆದರು.

“ಬಟ್ಟೆ ಕತ್ತರಿ ಅದು! ಮೊಂಡಾಗತ್ತೆ, ಕಾಗದಕ್ಕೆ ಹಾಕಬೇಡ ಅಂತ ಎಷ್ಟು ಸಲ ಬಡ್ಕೊಳ್ಳಲಿ!”

*

ಸೊಸೆ ಮಿಷನ್ನಿನ ಖಾನೆಯಿಂದ ಲಕೋಟೆ ತಂದು ನಾದಿನಿಗೆ ಕೊಟ್ಟಳು. ಮೇಲೆ ಟೈಲರಮ್ಮನ ಅಕ್ಷರ: ‘ಮಗಳಿಗೆ. ಅತ್ತಿಗೆಯನ್ನು ಬೈದು ಮುಗಿಸಿದ ಮೇಲೆ ಒಡೆದು ಓದುವುದು.’

ನಾದಿನಿ ಅದನ್ನು ಎರಡು ಸಲ ಓದಿದಳು. ಅಂಟು ಗಟ್ಟಿಯಾಗಿತ್ತು, ಕಣ್ಣು ಮಂಜಾಗಿತ್ತು. ಮಿಷನ್ನಿನ ಮೇಲಿದ್ದ ಕತ್ತರಿಗೆ ಕೈ ಹಾಕಿದಳು.

“ಬಟ್ಟೆ ಕತ್ತರಿ ಅದು! ಕಾಗದಕ್ಕೆ ಹಾಕಬೇಡ!”

ಅದೇ ದನಿ, ಅದೇ ಸಿಡುಕು. ನೆಂಟರೆಲ್ಲ ಗಾಬರಿಯಾಗಿ ಬಿಳಿ ಬಟ್ಟೆಯ ಕಡೆ ತಿರುಗಿದರು. ಕೂಗಿದವಳು ಸೊಸೆ.

ನಾದಿನಿ ಅಳುತ್ತಲೇ ನಕ್ಕುಬಿಟ್ಟಳು. ಕತ್ತರಿಯನ್ನು ತಿರುಗಿಸಿ, ಹಿಡಿಯನ್ನು ಮುಂದೆ ಮಾಡಿ ಕೊಟ್ಟಳು.

“ತಗೊಳ್ಳಿ ಅತ್ತಿಗೆ. ಇದು ನಿಮ್ಮದು.”

ಸೊಸೆ ಬಗ್ಗಿ, ಅತ್ತೆಯ ಹೊದಿಕೆಯಿಂದ ಇಳಿಬಿದ್ದ ನೂಲಿಗೆ ಕತ್ತರಿ ಹಿಡಿದಳು. ಕೈ ನಡುಗಿ, ನೂಲು ಸಿಗಲೇ ಇಲ್ಲ.