ದೋಣಿಯ ಪಣ

ದಾಳ ಮತ್ತೆ ಹೊಲಿಗೆ ಯಂತ್ರದ ಕೆಳಗೇ ಉರುಳಿತು, ಈ ಮನೆಯಲ್ಲಿ ಸೂಜಿ ಬಿದ್ದರೂ ದಾಳ ಬಿದ್ದರೂ ಅಲ್ಲಿಗೇ, ಬಗ್ಗಿ ತೆಗೆಯಬೇಕಾದವಳು ತಾನು, ಅರವತ್ತಾರು ವರ್ಷದ ಸೊಂಟ — ಮಗ ಬಂಡೆಯ ಹಾಗೆ ಕೂತಿದ್ದಾನೆ, ದಿನಾ ಕೊಳಾಯಿ ರಿಪೇರಿ ಮಾಡುವವನಿಗೆ ಬಗ್ಗಲು ಬರುವುದಿಲ್ಲವೇ, ಸರಿ, ಬಗ್ಗಿದ, ತೆಗೆದ, ಮುಷ್ಟಿಯಲ್ಲೇ ಇಟ್ಟುಕೊಂಡ, ಎಸೆಯೋ, ಅಂದಳು, ಎಸೆಯೋ ಮುಂಚೆ ಪಣ ಹೇಳ್ಬೇಕಲ್ಲ ಅಮ್ಮ, ನಿನ್ನದೇ ನಿಯಮ, ಅಂದ ಅವನು. ಹೌದು, ತನ್ನದೇ, ಗೆದ್ದರೆ ಏನು ಸೋತರೆ ಏನು ಅಂತ ಇಬ್ಬರೂ ಹೇಳದೆ ದಾಳ ಎಸೆಯುವಂತಿಲ್ಲ, ಕಳೆದುಕೊಳ್ಳುವುದು ಏನೂ ಇಲ್ಲದಿದ್ದರೆ ಅದು ಜಗಳವಲ್ಲ ಹರಟೆ ಎಂದು ಪಾತ್ರ ವಹಿಸಿ ಆಡುವ ಈ ಆಟದ ಪುಸ್ತಕದಲ್ಲಿತ್ತು, ಕನ್ನಡಕ ಹಾಕಿಕೊಂಡು ಎರಡೆರಡು ಸಲ ಓದಿದ್ದಳು. ಈ ವಯಸ್ಸಿನಲ್ಲಿ ರಾಜ, ನದಿ ಅಂತ ಕಥೆ ಕಟ್ಟುವ ಹುಚ್ಚೇನೂ ಅವಳಿಗಿರಲಿಲ್ಲ, ಮಕ್ಕಳಿಬ್ಬರು, ಅಣ್ಣ ತಂಗಿ, ಮಾತು ಬಿಟ್ಟು ಹದಿನಾಲ್ಕು ತಿಂಗಳು, ಅಮ್ಮ, ಅವನಿಗೆ ಟೀ ಬೇಕಾ ಕೇಳು, ಅಮ್ಮ, ಬೇಡ ಅಂತ ಅವಳಿಗೆ ಹೇಳು, ಮಧ್ಯೆ ತಾನೇನು ಅಂಚೆಯವಳೇ — ಆದರೆ ಆಟದಲ್ಲಿ ಮಾತಾಡುತ್ತಾರೆ, ಅವನು ಅಂಬಿಗ, ಅವಳು ಗಡಿ ಕಾಯುವವಳು, ಅಸ್ತರಿನ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ನದಿ, ಆ ದಡಕ್ಕೊಂದು ಈ ದಡಕ್ಕೊಂದು ಕೋಟಿನ ಗುಂಡಿ, ಕಿತ್ತಾಡಿದರೂ ಮುಖ ನೋಡಿ ಕಿತ್ತಾಡುತ್ತಾರೆ. ಅದಕ್ಕೇ ಪ್ರತಿ ಭಾನುವಾರ ಮಧ್ಯಾಹ್ನ ನದಿಗೆ ಪ್ರವಾಹ ತರಿಸುತ್ತಾಳೆ, ಸೇತುವೆ ಮುರಿಸುತ್ತಾಳೆ, ರಾಜನಿಗೆ ಜ್ವರ ಬರಿಸುತ್ತಾಳೆ, ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಒಬ್ಬರು ಗೆದ್ದರೆ ಕಥೆ ಮುಗಿಯಿತು, ಕಥೆ ಮುಗಿದರೆ ಮಾತೂ ಮುಗಿಯಿತು. ನೀನು ಹೀಗೇ ಎಳೀತಿದ್ರೆ ಮುಂದಿನ ವಾರದಿಂದ ನಾನು ಬರಲ್ಲ, ಅಂದಳು ಮಗಳು, ಇವತ್ತೇ ತೀರ್ಮಾನ ಆಗ್ಲಿ. ಎಳೆಯುತ್ತಾಳಂತೆ, ಈ ಇಬ್ಬರನ್ನು ಇಲ್ಲಿಯವರೆಗೆ ಎಳೆದುಕೊಂಡು ಬಂದವರು ಯಾರು.

ಸರಿ, ಹೇಳಿ ನಿಮ್ಮ ಪಣ. ನಾನು ಸೋತರೆ ದೋಣಿ ನಿಂದು, ಅಂದ ಅಂಬಿಗ. ದೋಣಿ ಬೇಡ, ಅಂದಳು ಗಡಿಯವಳು. ಬೇಡವಂತೆ, ಎರಡು ತಿಂಗಳಿಂದ ಆ ದೋಣಿಗೇ ಪ್ರಾಣ ತಿಂದು ಈಗ ಬೇಡವಂತೆ, ಮತ್ತೇನು ಬೇಕಮ್ಮ ನಿಂಗೆ — ಅಪ್ಪ ಹೋದ ದಿನ ಆಸ್ಪತ್ರೆಗೆ ನೀನು ಯಾಕೆ ಬರ್ಲಿಲ್ಲ, ಅದನ್ನ ಹೇಳ್ಬೇಕು, ಅಂದಳು ಮಗಳು ಅಣ್ಣನಿಗೆ. ಈ ರಾಜ್ಯದಲ್ಲಿ ಆಸ್ಪತ್ರೆಯೇ ಇಲ್ಲ, ತಾನು ಬರೆದಿಲ್ಲ, ಆ ಪಣ ನಡೆಯುವುದಿಲ್ಲ ಎನ್ನಬಹುದು, ಆಟ ನಡೆಸುವವಳ ಮಾತೇ ಕೊನೆ, ಎನ್ನಬೇಕು, ಆದರೆ ಆ ಬೆಳಗ್ಗೆ ಫೋನಿನಲ್ಲಿ ಅವನಿಗೆ ಗಾಬರಿ ಏನಿಲ್ಲ, ಕೆಲಸ ಮುಗಿಸ್ಕೊಂಡು ನಾಳೆ ಬಾ ಅಂದವಳು ತಾನು, ಅದನ್ನು ಮಗಳಿಗೆ ಹೇಳದವಳೂ ತಾನು, ಹೇಳಿದರೆ ತನ್ನ ಜೊತೆಗೂ ಮಾತು ಬಿಡುತ್ತಾಳೆಂದು, ಹದಿನಾಲ್ಕು ತಿಂಗಳು ಅವನೂ ಬಾಯಿ ಬಿಡಲಿಲ್ಲ, ಬೈಸಿಕೊಂಡ, ಬಂಡೆ, ಎಂಥ ಬಂಡೆಯನ್ನು ಹೆತ್ತಳು — ಆಗ್ಲಿ, ಅಂದ ಮಗ, ನಾನು ಗೆದ್ದರೆ ಅದನ್ನ ನೀನು ಇನ್ಯಾವತ್ತೂ ಕೇಳಬಾರದು. ಇಬ್ಬರ ಪಣವೂ ಆಯಿತು, ಇನ್ನು ಅವಳು ಎಸೆ ಅನ್ನಬೇಕು, ಅಷ್ಟೇ, ಒಂದು ಮಾತು, ಅವನು ತಂಗಿಯನ್ನು ನೋಡುತ್ತಿಲ್ಲ, ಅಮ್ಮನನ್ನು ನೋಡುತ್ತಿದ್ದಾನೆ, ಬಟ್ಟೆಯ ನದಿಯ ಮೇಲೆ ಅವನ ಮುಷ್ಟಿ, ತರಚಿದ ಗೆಣ್ಣು, ಎಸೆ ಅನ್ನು, ಬೇಡ ಅನ್ನು, ಏನಾದರೂ ಅನ್ನು — ದಾಳವನ್ನು ಬಿಗಿಹಿಡಿದ ಆ ಮುಷ್ಟಿ, ಮುಷ್ಟಿ.