ಬಾನೆಟ್ ಮೇಲೊಂದು ಅಂಗೈ

ಹಳೇ ಕಾರು ಕೊಳ್ಳಲು ಬರುವವರು ಮೊದಲು ಮಾತಾಡುವುದಿಲ್ಲ. ನೇರ ಹೋಗಿ ಬಾನೆಟ್ ಮೇಲೆ ಅಂಗೈ ಇಡುತ್ತಾರೆ. ತಣ್ಣಗಿದ್ದರೆ ಮುಖ ಅರಳುತ್ತದೆ. ಬೆಚ್ಚಗಿತ್ತೋ, ಮುಗಿಯಿತು ಕತೆ. ತಣ್ಣಗಿರುವಾಗ ಸ್ಟಾರ್ಟ್ ಆಗದ ಎಂಜಿನ್ನನ್ನು ಮಾರುವವರು ಮೊದಲೇ ಓಡಿಸಿಟ್ಟಿದ್ದಾರೆ, ಏನೋ ಮುಚ್ಚಿಡುತ್ತಿದ್ದಾರೆ ಅಂತ ಅನುಮಾನ. ಒಹಾಯೋದಲ್ಲಿ ಇದು ಗೊತ್ತಿಲ್ಲದವರು ಯಾರೂ ಇಲ್ಲ. ನನ್ನ ಗಂಡ ವೆಂಡೆಲ್‌ಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು.

ಆದರೂ ಬಂದ ಮೂವರೂ ಬೆಚ್ಚಗಿನ ಬಾನೆಟ್ ಮುಟ್ಟಿ, ಕೊಟ್ಟ ಕಾಫಿ ಕುಡಿದು, ಬಂದ ದಾರಿಗೆ ಸುಂಕವಿಲ್ಲ ಅಂತ ಹೊರಟುಹೋದರು.

ನನಗೋ ಸಾಕಾಗಿಹೋಗಿತ್ತು. ವೆಂಡೆಲ್‌ನ ಎಡಗಾಲು ವರ್ಷದಿಂದ ಸೋಲುತ್ತಿದೆ. ನಮ್ಮ ಮಲಗುವ ಕೋಣೆ ಇರುವುದು ಮಹಡಿಯಲ್ಲಿ. ರಾತ್ರಿ ಊಟ ಆದಮೇಲೆ ಮೆಟ್ಟಿಲ ಮೇಲೆ ಹಿಂದುಮುಂದಾಗಿ ಕೂತು, ಅಂಡೂರಿಕೊಂಡು, ಒಂದೊಂದೇ ಮೆಟ್ಟಿಲು ಏರುತ್ತಾನೆ. ನಾನು ಕೆಳಗೆ ಕೈ ಚಾಚಿಕೊಂಡು ನಿಂತಿರುತ್ತೇನೆ. ಅವನೇನಾದರೂ ಬಿದ್ದರೆ ಇಬ್ಬರೂ ಉರುಳುತ್ತೇವೆ, ಅಷ್ಟೇ. ಕೆಳಗಿರುವ ಗ್ಯಾರೇಜನ್ನೇ ಮಲಗುವ ಕೋಣೆ ಮಾಡಬೇಕು, ಬೇರೆ ದಾರಿಯಿಲ್ಲ. ಅಲ್ಲಿ ಠಿಕಾಣಿ ಹೂಡಿ ಕೂತಿದ್ದಾಳೆ ಇವನ ಪಟ್ಟದರಸಿ, ಕಡುಹಸಿರು ಬಣ್ಣದ ಅರವತ್ತೊಂಬತ್ತನೇ ಇಸವಿಯ ಶೆವೆಲ್ ಕಾರು. ಹಿಮ ಬಿದ್ದು ರಸ್ತೆಗೆ ಉಪ್ಪು ಎರಚಿದರೆ ಆಮೇಲೆ ವಸಂತದವರೆಗೆ ಇಂಥ ಕಾರು ಕೇಳುವವರೇ ಇರುವುದಿಲ್ಲ. ಉಪ್ಪು ತಗಡನ್ನೇ ತಿಂದುಹಾಕುತ್ತದೆ. ಆಗಲೇ ಅಕ್ಟೋಬರ್ ಬಂದಿತ್ತು.

ಇವಳು ತುಕ್ಕು ಹಿಡಿದ ಡಬ್ಬವಾಗಿ ನಮ್ಮನೆಗೆ ಬಂದವಳು. ಮೈಯೆಲ್ಲ ಹಳೇದರ ಹಾಗೇ ಉಳಿಸಿ, ವೆಂಡೆಲ್ ಒಳಗೆ ಹೊಸ ಎಂಜಿನ್, ಹೊಸ ಬ್ರೇಕು, ಆರು ಗೇರು ಕೂರಿಸಿದ. "ಅಜ್ಜಿಗೆ ಓಟದ ಚಡ್ಡಿ ತೊಡಿಸಿದ್ದೀಯಲ್ಲೋ!" ಅಂತ ಪಕ್ಕದ ಮನೆಯ ಗಸ್ ಆಡಿಕೊಂಡ. ಹಳೇ ಕಾರಿನಲ್ಲಿ ಇಲ್ಲದ ಒಂದು ಸ್ವಿಚ್ಚನ್ನೂ ವೆಂಡೆಲ್ ಹಾಕಿದ. ಎಡಗಾಲಲ್ಲಿ ಕ್ಲಚ್ ಪೂರ್ತಿ ಒತ್ತದಿದ್ದರೆ ಸ್ಟಾರ್ಟ್ ಆಗುವುದೇ ಇಲ್ಲ.

"ಇದು ನಿನಗೋಸ್ಕರ ಕಣೇ ನೋರೀನ್. ಗೇರಲ್ಲಿದ್ದಾಗ ನೀನು ಕೀ ತಿರುಗಿಸಿದ್ರೆ ಗೋಡೆ ಒಡ್ಕೊಂಡು ಸೀದಾ ಅಡುಗೆಮನೆಗೆ ಬರ್ತೀಯ" ಅಂದಿದ್ದ. ನಾನು ಆ ಕಾರನ್ನು ಮುಟ್ಟಿದ್ದೇ ಇಲ್ಲ.

ಮೂರನೆಯವನು ಹೋದ ದಿನ ನನಗೆ ತಡೆಯಲಾಗಲಿಲ್ಲ.

"ನಾನು ಸ್ನಾನಕ್ಕೆ ಹೋಗೋದನ್ನೇ ಕಾಯ್ತಿರ್ತೀಯಲ್ಲ, ಹೋಗಿ ಸ್ಟಾರ್ಟ್ ಮಾಡೋಕೆ! ಯಾಕೆ ನನ್ನ ಹೊಟ್ಟೆ ಉರಿಸ್ತೀಯ?"

"ಬ್ಯಾಟರಿ ಇಳಿದುಹೋಗುತ್ತೆ ಕಣೇ."

"ನಿನ್ನ ತಲೆ ಇಳಿದುಹೋಗಿದೆ!"

"ಅವನೇನು ಕೊಳ್ಳೋ ಗಿರಾಕಿನಾ? ಬೂಟು ನೋಡಿದ್ಯಾ, ಒಂದು ಹನಿ ಗ್ರೀಸ್ ಇಲ್ಲ."

"ನೀನು ಬಿದ್ದು ಸೊಂಟ ಮುರ್ಕೊಂಡ್ರೆ ಎತ್ತೋಳು ನಾನೋ, ಅವಳೋ?"

ಅಷ್ಟಂದು ನಾನು ಪಾತ್ರೆ ತೊಳೆಯಲು ಹೋದೆ.

ಶನಿವಾರ ಬೆಳಿಗ್ಗೆ ಡೇಟನ್‌ನಿಂದ ಲಾಮಾರ್ ಎಂಬ ಶಾಲಾ ಬಸ್ ಡ್ರೈವರ್ ಬರುವವನಿದ್ದ. ನಾನು ಬಚ್ಚಲಿನಲ್ಲಿ ನಲ್ಲಿ ತಿರುಗಿಸಿ, ನೀರಿಗಿಳಿಯದೆ ಕಿವಿಗೊಟ್ಟು ನಿಂತೆ. ಇವತ್ತು ಸ್ಟಾರ್ಟ್ ಮಾಡುವಾಗಲೇ ಅವನನ್ನು ಹಿಡಿದುಬಿಡುವುದು ಅಂತ. ಗ್ಯಾರೇಜಿನ ಬಾಗಿಲ ಸದ್ದಾಯಿತು. ಎಂಜಿನ್ ಸದ್ದಾಗಲಿಲ್ಲ. ಎಷ್ಟು ಹೊತ್ತಾದರೂ ಆಗಲಿಲ್ಲ.

ಹೋಗಿ ನೋಡಿದೆ. ವೆಂಡೆಲ್ ಸ್ಟೇರಿಂಗ್ ಹಿಂದೆ ಕೂತು, ಎಡತೊಡೆಯನ್ನು ಎರಡೂ ಕೈಯಲ್ಲಿ ಕೆಳಕ್ಕೆ ಒತ್ತುತ್ತಿದ್ದ. ಕೀ ತಿರುಗಿಸಲು ಒಂದು ಕೈ ಬಿಟ್ಟ ಕೂಡಲೇ ಕಾಲು ಮೇಲೆ ಬರುತ್ತಿತ್ತು. ಮತ್ತೆ ಒತ್ತಿದ. ಮತ್ತೆ ಕೈಬಿಟ್ಟ. ಏನೂ ಆಗಲಿಲ್ಲ. ಹಣೆಯೆಲ್ಲ ಬೆವತಿತ್ತು.

ನನ್ನನ್ನು ನೋಡಿ, "ಕ್ಲಚ್ ಇಳೀತಿಲ್ಲ, ನೋರೀನ್" ಅಂದ.

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. "ಸರ್ಕೋ, ನಾನು ಒತ್ತಿ ಸ್ಟಾರ್ಟ್ ಮಾಡ್ತೀನಿ" ಅಂದೆ. ನಿಜವಾಗಿಯೂ ಅಂದೆ. ಗಿರಾಕಿ ಹೋದರೆ ಹೋಗಲಿ, ಹಾಳಾಗಲಿ ಅನ್ನಿಸಿತು.

ಅವನು ಬಾಗಿಲು ತೆರೆದು ಊರುಗೋಲಿಗೆ ಕೈ ಚಾಚಿದ.

"ಬೇಡ. ಅವನು ಬರೋ ಹೊತ್ತಾಯ್ತು. ಬಾನೆಟ್ ಬೆಚ್ಚಗಾಗುತ್ತೆ."

ಲಾಮಾರ್ ಬಂದ. ಅಂಗೈ ಇಟ್ಟ. "ಅಬ್ಬಾ, ಮಂಜುಗಡ್ಡೆ! ನಿಯತ್ತಿನ ಜನ ಕಣ್ರಮ್ಮ ನೀವು" ಅಂತ ನಕ್ಕ. ಅವನು ಕೆಳಗೆ ಬಗ್ಗಿ ನೋಡಿದ, ಬ್ರೇಕು ನೋಡಿದ, ಏನೇನೋ ಕೇಳಿದ. ವೆಂಡೆಲ್ ಎಲ್ಲಕ್ಕೂ ನೇರವಾಗಿ ಹೇಳಿದ.

"ಇವಳು ನಮ್ಮನೆಗೆ ಬರ್ತಾಳೆ, ಅದರಲ್ಲಿ ಎರಡು ಮಾತಿಲ್ಲ" ಅಂದ ಲಾಮಾರ್. "ಯಜಮಾನ್ರೇ, ನೀವೇ ಒಂದ್ಸಲ ಸ್ಟಾರ್ಟ್ ಮಾಡಿ, ಕೇಳೋಣ."

ವೆಂಡೆಲ್ ನನ್ನ ಮುಖ ನೋಡಿದ. "ನೋರೀನ್ ಮಾಡ್ತಾಳೆ" ಅಂದ.

ಹೋಗಿ ಕೂತೆ. ಸೀಟು ಅವನ ಅಳತೆಯದು, ಕಾಲು ಸರಿಯಾಗಿ ಎಟುಕಲಿಲ್ಲ. ಮುಂದಕ್ಕೆ ಜಾರಿ, ಕ್ಲಚ್ಚನ್ನು ತಳಮುಟ್ಟ ಒತ್ತಿ ಕೀ ತಿರುಗಿಸಿದೆ. ಒಂದೇ ಸಲಕ್ಕೆ ಗುಡುಗಿದಳು. ಗೋಡೆಗೆ ತೂಗುಹಾಕಿದ್ದ ಸ್ಪ್ಯಾನರುಗಳೆಲ್ಲ ನಡುಗಿದವು.

ವೆಂಡೆಲ್ ಊರುಗೋಲನ್ನು ಗೋಡೆಗೆ ಒರಗಿಸಿ, ಬಾನೆಟ್ ಮೇಲೆ ಅಂಗೈ ಇಟ್ಟ. ಲಾಮಾರ್ ಹತ್ತಿರ ಬಂದು ಏನೋ ಕೂಗಿ ಕೇಳುತ್ತಿದ್ದ, ವೆಂಡೆಲ್ ಅತ್ತ ನೋಡಲೂ ಇಲ್ಲ. ಬೆಚ್ಚಗಾಗುವವರೆಗೆ ಕೈ ತೆಗೆಯಲಿಲ್ಲ. ನಾನೂ ಎಂಜಿನ್ ಆರಿಸಲಿಲ್ಲ.