ಗೊತ್ತಿದ್ದವರು ಬಾಯಿ ಬಿಡಬಾರದು

"ಅಳಿಸಬೇಡಿ!"

ಮೂವರು ಒಟ್ಟಿಗೆ ಕೂಗಿದ ರಭಸಕ್ಕೆ ತಮ್ಮನ ಕೈಯಲ್ಲಿದ್ದ ಒದ್ದೆ ಬಟ್ಟೆ ಅರ್ಧದಲ್ಲೇ ನಿಂತಿತು. ಅವನ ಅಕ್ಕ ನಿನ್ನೆ ಸಂಜೆ ತೀರಿಕೊಂಡಿದ್ದಳು. ಒಳಗೆ ಹಜಾರದಲ್ಲಿ ಮಲಗಿಸಿದ್ದರು. ಹನ್ನೊಂದಕ್ಕೆ ಗಾಡಿ ಬರುವುದಿತ್ತು. ಗೇಟಿನ ಪಕ್ಕದ ಗೋಡೆಯ ಕರಿಹಲಗೆಯ ಮೇಲೆ ಶಾಲೆಗೆ ಹೋಗುವ ಮಕ್ಕಳಿಗೆಂದು ಅವಳು ಶನಿವಾರ ಬರೆದ ಪ್ರಶ್ನೆ ಹಾಗೇ ಇತ್ತು:

ಗಾಜಿನ ಲೋಟದ ತುಂಬ, ಅಂಚಿನವರೆಗೆ ನೀರು. ಅದರಲ್ಲಿ ತೇಲುವ ಐಸು. ಐಸು ಪೂರ್ತಿ ಕರಗಿದರೆ ನೀರು ಚೆಲ್ಲುತ್ತದೆಯೇ?

ಕೆಳಗೆ, ಸಣ್ಣಕ್ಷರದಲ್ಲಿ: ಗೊತ್ತಿದ್ದವರು ಬಾಯಿ ಬಿಡಬಾರದು.

"ಸಾವಿನ ಮನೆ ಮುಂದೆ ಐಸು ಗೀಸು ಅಂತ ಇದೇನಿದು? ನೋಡಿದ ಜನ ಏನಂದ್ಕೋತಾರೆ?" ಎಂದ ತಮ್ಮ.

"ಜನ ಅಂದ್ರೆ ನಾವೇ ಅಲ್ವಾ ಸಾರ್," ಎಂದಳು ನರ್ಸು. "ಟೀಚರ್ ಹತ್ರ ಏಳನೇ ಕ್ಲಾಸ್ ಓದಿದೋರು." ಅವಳ ಆಚೀಚೆ ನಿಂತಿದ್ದ ಬಸ್ ಡ್ರೈವರೂ ಎಲೆಕ್ಟ್ರಿಷಿಯನ್ನೂ ಹೌದೆಂದು ತಲೆಯಾಡಿಸಿದರು.

"ಸರಿ, ಉತ್ತರ ಹೇಳಿ, ಅಳಿಸ್ತೀನಿ. ಚೆಲ್ಲುತ್ತೆ ತಾನೆ?"

ಮೂವರೂ ತುಟಿ ಬಿಗಿದು ಆಕಾಶ ನೋಡತೊಡಗಿದರು. ಡ್ರೈವರನ ಕಣ್ಣು ಅತ್ತೂ ಅತ್ತೂ ಕೆಂಪಾಗಿತ್ತು, ಭುಜ ಮಾತ್ರ ನಗುವಿಗೆ ಕುಲುಕುತ್ತಿತ್ತು. ಇಪ್ಪತ್ತು ವರ್ಷದಿಂದ ಕಾಪಾಡಿಕೊಂಡು ಬಂದ ಗುಟ್ಟನ್ನು ಅವನು ಇವತ್ತು ಬಿಟ್ಟುಕೊಡುತ್ತಾನೆಯೇ?

ಇತ್ತ ಮಿಡ್ಲ್ ಸ್ಕೂಲಿನ ಹೆಡ್ ಮೇಡಂ ತಮ್ಮನ ಮಗಳನ್ನು ಪಕ್ಕಕ್ಕೆ ಕರೆದಿದ್ದರು. "ಇವತ್ತು ಈ ಮಾತು ಆಡಬಾರದಮ್ಮ. ಆದ್ರೆ ಸಂಜೆಯೊಳಗೆ ನೀನು ಹೂಂ ಅನ್ನದಿದ್ರೆ ಸೈನ್ಸ್ ಟೀಚರ್ ಕೆಲಸಕ್ಕೆ ಬೇರೆಯವರನ್ನ ಹಾಕಿಬಿಡ್ತಾರೆ."

ಮಗಳ ವಿಷಯದಲ್ಲಿ ಅಪ್ಪನ ಕಿವಿ ಬಲು ಚುರುಕು. "ಅವಳಿಗೆ ಇನ್ಶೂರೆನ್ಸ್ ಆಫೀಸಲ್ಲಿ ಒಳ್ಳೆ ಕುರ್ಚಿ ಇದೆ ಮೇಡಂ. ಪಿಳ್ಳೆಗಳ ಮುಂದೆ ಗಂಟಲು ಹರ್ಕೊಳ್ಳೋ ಕೆಲಸ ನಮ್ಮನೇಲಿ ಒಬ್ಬರು ಮಾಡಿದ್ದು ಸಾಕು."

ಅಪ್ಪನಿಗಿಂತ ಹೆಚ್ಚಾಗಿ ಮಗಳಿಗೆ ಆ ಪಿಳ್ಳೆಗಳದ್ದೇ ಹೆದರಿಕೆ. ಆಯ್ಕೆಗೆಂದು ಪಾಠ ಮಾಡಿ ತೋರಿಸಿದ ದಿನ ನಲವತ್ತು ಜೊತೆ ಕಣ್ಣುಗಳ ಮುಂದೆ ಬಾಯಿ ಒಣಗಿ, ಮೂರು ನಿಮಿಷ ಗೋಡೆಗೆ ಮುಖ ಮಾಡಿ ಬರೆಯುತ್ತಾ ನಿಂತಿದ್ದಳು.

*

ಹೋದ ವಾರ ಇದೇ ಮನೆಯ ಅಡುಗೆಮನೆಯಲ್ಲಿ ಟೀಚರ್ ಅತ್ತೆಯ ಮುಂದೆ ಅದನ್ನೇ ಹೇಳಿಕೊಂಡಿದ್ದಳು. ಅತ್ತೆ ಬಿದ್ದು ಬಿದ್ದು ನಕ್ಕಿದ್ದಳು.

"ಅಷ್ಟೇನಾ? ನಾನು ಮೊದಲನೇ ವರ್ಷ ಆ ಐಸಿನ ಪ್ರಶ್ನೆಗೆ ಎದೆ ತಟ್ಟಿ ತಪ್ಪು ಉತ್ತರ ಹೇಳಿದ್ದೆ ಕಣೇ! ಸಂಜೆ ಮನೇಲಿ ಮಾಡಿ ನೋಡಿದ್ರೆ ಎದೆ ಧಸಕ್ ಅಂತು. ಮೂವತ್ತೆಂಟು ಮಕ್ಕಳು! ಥರ್ಮಾಸಲ್ಲಿ ಐಸು ತುಂಬ್ಕೊಂಡು, ಕೈಯಲ್ಲೊಂದು ಲೋಟ ಹಿಡ್ಕೊಂಡು ಮನೆಮನೆಗೂ ಹೋದೆ. 'ನಾನು ಹೇಳಿದ್ದು ತಪ್ಪು, ಬಾ, ನೋಡು' ಅಂತ. ಕೊನೇ ಮನೆಗೆ ಹೋಗೋಷ್ಟರಲ್ಲಿ ಐಸೇ ಖಾಲಿ. ಪಾಪ, ಆ ಹುಡುಗಿ ಅಮ್ಮ ಪಕ್ಕದ ಮನೆ ಫ್ರಿಜ್ಜು ತೆಗೆಸಿದ್ಲು."

"ನಾಚಿಕೆ ಆಗಲಿಲ್ವಾ ಅತ್ತೆ?"

"ಮೊದಲೆರಡು ಮನೇಲಿ ಆಯ್ತು. ಆಮೇಲೆ ಎಂಥಾ ಖುಷಿ ಅಂತೀಯಾ! ಕೆಲಸಕ್ಕೆ ಸೇರಿದ್ದು ಜೂನಲ್ಲಿ. ಟೀಚರ್ ಆಗಿದ್ದು ಅವತ್ತು."

"ನನಗೆ ನಾಲಿಗೇನೇ ಹೊರಳಲ್ವಲ್ಲ."

"ಹೊರಳದಿದ್ರೆ ಬಿಡು. ಲೋಟ ಇಟ್ಟು ಸುಮ್ಮನೆ ನಿಂತ್ಕೋ. ಒಂದು ಕೈ ಮೇಲೇಳುತ್ತೆ ನೋಡು, ಅಲ್ಲೀತನಕ ಕಾಯಿ. ಆಮೇಲೆ ನಿನ್ನ ಬಾಯಿ ಮುಚ್ಚಿಸೋಕೆ ಯಾರಿಂದಲೂ ಆಗಲ್ಲ."

*

ಒಂಬತ್ತೂವರೆಗೆ ಗೇಟಿನ ಹತ್ತಿರ ಯೂನಿಫಾರ್ಮಿನ ಹುಡುಗಿಯರ ಗುಂಪೊಂದು ಬಂತು. ವಿಷಯ ತಿಳಿದು ಒಬ್ಬಳು ಬಿಕ್ಕಿದಳು. "ಸೋಮವಾರ ಮಾಡಿ ತೋರಿಸ್ತೀನಿ ಅಂದಿದ್ರು..."

ತಮ್ಮನ ಮಗಳು ಒಳಗೆ ಹೋಗಿ ಫ್ರಿಜ್ಜು ತೆರೆದಳು. ಮೇಲಿನ ಅರೆಯಲ್ಲಿ, ಸಣ್ಣ ಸ್ಟೀಲ್ ಬಟ್ಟಲಲ್ಲಿ ಐಸು ಕಟ್ಟಿತ್ತು. ಅತ್ತೆ ಇವತ್ತಿಗೆಂದೇ ಇಟ್ಟಿದ್ದಳು. ಬಟ್ಟಲನ್ನು ಎದೆಗೊತ್ತಿಕೊಂಡು ಅವಳು ಅಲ್ಲೇ ನಿಂತು ಅತ್ತಳು.

ಆಮೇಲೆ ಮುಖ ತೊಳೆದು ಹೊರಗೆ ಬಂದಳು. ಸ್ಟೂಲಿನ ಮೇಲೆ ಒಣ ಪೇಪರು ಹಾಸಿ, ಗಾಜಿನ ಲೋಟವಿಟ್ಟು, ಐಸು ಹಾಕಿ, ಇನ್ನೊಂದು ಹನಿಗೂ ಜಾಗವಿಲ್ಲದ ಹಾಗೆ ನೀರು ತುಂಬಿದಳು. ಐಸಿನ ತುದಿ ಅಂಚಿಗಿಂತ ಮೇಲೆ ಇಣುಕುತ್ತಿತ್ತು. ಒಂದು ಮಾತೂ ಆಡದೆ ಪಕ್ಕಕ್ಕೆ ನಿಂತಳು.

"ಚೆಲ್ಲೇ ಚೆಲ್ಲುತ್ತೆ. ಮೇಲಿರೋದೆಲ್ಲ ಎಲ್ಲಿಗೆ ಹೋಗ್ಬೇಕು?" ಎಂದ ಅಪ್ಪ.

"ಚೆಲ್ಲಲ್ಲ!" ಎಂದಳು ಅತ್ತಿದ್ದ ಹುಡುಗಿ.

"ಚೆಲ್ಲುತ್ತೆ ಕಣೇ, ಅಜ್ಜಿ ಮಾತು ಕೇಳು," ಎಂದರು ಎದುರುಮನೆಯ ಅಜ್ಜಿ. ಕುರ್ಚಿಗಳು ಹತ್ತಿರ ಸರಿದವು. ಹಳೇ ವಿದ್ಯಾರ್ಥಿಗಳು ಬಾಯಿಗೆ ಕೈ ಅಡ್ಡ ಹಿಡಿದು ಒದ್ದಾಡುತ್ತಿದ್ದರು. "ಹಾಜರಿ ನಾನು ನೋಡ್ಕೋತೀನಿ, ಇರ್ರೇ," ಎಂದರು ಹೆಡ್ ಮೇಡಂ ಹುಡುಗಿಯರಿಗೆ. ಹನ್ನೊಂದಕ್ಕೆ ಗಾಡಿ ಬಂತು. ಅವಸರ ಮಾಡಬೇಕಾದ ಗಾಡಿಯವನೇ ಇಳಿದು ಬಂದು, "ಇನ್ನೆಷ್ಟು ಉಳಿದಿದೆ? ತಡೀರಿ, ನೋಡೇ ಹೋಗೋಣ," ಎಂದ.

ಐಸು ಬಟಾಣಿಯಷ್ಟಾಯಿತು. ಆಮೇಲೆ ಅದೂ ಇಲ್ಲ.

"ನೋಡಿ! ಪೇಪರು ಒದ್ದೆ!" ಅಪ್ಪ ಕುಣಿಯುವುದೊಂದು ಬಾಕಿ. "ಚೆಲ್ತು! ನಾನು ಹೇಳಲಿಲ್ವಾ?"

ಪೇಪರು ಒದ್ದೆಯಾಗಿದ್ದು ನಿಜ. ಲೋಟದ ಹೊರಮೈಯೆಲ್ಲ ಹನಿಹನಿ. ಅಪ್ಪ ಕುಕ್ಕರುಗಾಲಲ್ಲಿ ಕೂತು ಲೋಟದ ಮಟ್ಟಕ್ಕೆ ಕಣ್ಣಿಟ್ಟ. ನೀರು ಅಂಚಿನಲ್ಲೇ ಇತ್ತು. ಕೂದಲೆಳೆಯಷ್ಟೂ ಏರಿರಲಿಲ್ಲ, ಇಳಿದಿರಲಿಲ್ಲ. ಅಪ್ಪ ಅಂಚು ನೋಡಿದ, ಪೇಪರು ನೋಡಿದ, ಮತ್ತೆ ಅಂಚು ನೋಡಿದ. ಲೋಟದ ಹೊರಮೈಯನ್ನು ಬೆರಳಿಂದ ಮುಟ್ಟಿ, ಬೆರಳನ್ನೂ ನೋಡಿಕೊಂಡ.

"ಒಳಗಿನ ನೀರು ಒಳಗೇ ಇದೆ. ಹಾಗಾದ್ರೆ ಈ ಹೊರಗಿನ ನೀರು..."

ಎಲ್ಲರೂ ಮಗಳ ಕಡೆ ತಿರುಗಿದರು. ನಲವತ್ತು ಜೊತೆ ಕಣ್ಣಿಗೇನೂ ಕಡಿಮೆಯಿರಲಿಲ್ಲ. ಅವಳು ಬಾಯಿ ಬಿಡಲಿಲ್ಲ, ಗೋಡೆಗೂ ತಿರುಗಲಿಲ್ಲ. ಕಾದಳು.

ಅಪ್ಪನ ಬಲಗೈ, ಬೆಳಗ್ಗೆಯಿಂದ ಹಿಡಿದೇ ಇದ್ದ, ಈಗ ಒಣಗಿ ಹೋಗಿದ್ದ ಬಟ್ಟೆಯ ಸಮೇತ, ಮೆಲ್ಲಗೆ ಮೇಲೆದ್ದಿತು.

"ಹೇಳಪ್ಪಾ," ಎಂದಳು.

ಅಪ್ಪ ಕೈ ಇಳಿಸದೆಯೇ ಎದ್ದು ನಿಂತ.